ಜಶುಭಾಯಿ ಕೇಳಿದ ಹಿಮದ ರೈಲು

ವಡೋದರಾ

ಮೇ ತಿಂಗಳಲ್ಲೂ ಬೆಳಗಿನ ಜಾವ ಫ್ಯಾನ್ ಬಂದ್ ಮಾಡಿ ಹೊದ್ದುಕೊಂಡು ಮಲಗುವ ಮನುಷ್ಯ ನಾನು. ಅಂಥವನು ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿಗೆ ಹೊರಟೆನೆಂದರೆ ಅದು ಜಶುಭಾಯಿಗಾಗಿ. ಹಿಮ ಬಿದ್ದ ಬೆಟ್ಟಗಳ ನಡುವೆ, ಕಲ್ಲಿನ ಸೇತುವೆಯ ಮೇಲೆ ಹೋಗುವ ಒಂದು ಕೆಂಪು ಪ್ಯಾಸೆಂಜರ್ ರೈಲಿನ ಫೋಟೋ ಅವನಿಗೆ ಬೇಕಾಗಿತ್ತು. ಅದನ್ನು ನಾನೇ ನನ್ನ ಕೈಯಾರೆ ತೆಗೆದು ತರಬೇಕೆಂದು ಅವನ ಹಟ.

ಇಸವಿ ಎರಡು ಸಾವಿರ ದಾಟಿ ಎರಡೋ ಮೂರೋ ವರ್ಷವಾಗಿತ್ತು. ನಾನು ರೈಲ್ವೆಯಿಂದ ನಿವೃತ್ತನಾಗಿ ವರ್ಷ ಕಳೆದಿತ್ತು. ಹುಟ್ಟಿದ್ದು ಗದಗಿನ ಹತ್ತಿರ, ಉಪ್ಪು ತಿಂದದ್ದೆಲ್ಲ ಗುಜರಾತಿನದು. ವಡೋದರಾದಿಂದ ಡಭೋಯಿ ಕಡೆಗೆ ಹೋಗುವ ಸಣ್ಣ ಹಳಿಯ ಲೈನಿನಲ್ಲಿ ಒಂದು ಪುಟ್ಟ ಸ್ಟೇಷನ್. ಹನ್ನೊಂದು ವರ್ಷ ನಾನು ಅಲ್ಲಿ ಸ್ಟೇಷನ್ ಮಾಸ್ತರ್. ಜಶುಭಾಯಿ ಆ ಲೈನಿನ ಗಾರ್ಡ್. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಹಸಿರು ಕೆಂಪು ಬಾವುಟ ಹಿಡಿದು ನಿಲ್ಲುವ ಬಿಳಿ ಸಮವಸ್ತ್ರದವನು. ಎದುರಿನ ಗಾಡಿ ಬರುವ ತನಕ ಅವನ ಗಾಡಿ ನನ್ನ ಸ್ಟೇಷನ್ನಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಆ ಇಪ್ಪತ್ತು ನಿಮಿಷಗಳಲ್ಲೇ ನಮ್ಮ ಸ್ನೇಹ ಬೆಳೆದದ್ದು.

ಸ್ಟೇಷನ್ನಿನ ನನ್ನ ಕೋಣೆಯ ಗೋಡೆಯಲ್ಲಿ ವಿಮೆ ಏಜೆಂಟನೊಬ್ಬ ಕೊಟ್ಟ ಕ್ಯಾಲೆಂಡರ್ ಇತ್ತು. ಜನವರಿಯ ಹಾಳೆಯಲ್ಲಿ ಆ ರೈಲಿನ ಚಿತ್ರ. ಫೆಬ್ರವರಿ ಬಂದಾಗ ಹಾಳೆ ತಿರುವಲು ಹೋದರೆ ಜಶುಭಾಯಿ ನನ್ನ ಕೈ ಹಿಡಿದುಕೊಂಡ. ಹಾಗಾಗಿ ನನ್ನ ಸ್ಟೇಷನ್ನಿನಲ್ಲಿ ಮೂರು ವರ್ಷ ಜನವರಿಯೇ ನಡೆಯಿತು. ತಪಾಸಣೆಗೆ ಬಂದ ಸಾಹೇಬರೊಬ್ಬರು ಅದನ್ನು ನೋಡಿ ನನಗೆ ಬೈದದ್ದೂ ಉಂಟು. ಹೊರಗೆ ಬೇಲಿಯ ಎಕ್ಕದ ಗಿಡವೂ ಬಾಡುವಂಥ ಬಿಸಿಲಿರುವಾಗ ಜಶುಭಾಯಿ ಬಸಿಯಲ್ಲಿ ಚಹಾ ಸುರಿದುಕೊಂಡು ಆ ಚಿತ್ರದ ಮುಂದೆ ನಿಲ್ಲುತ್ತಿದ್ದ.

"ಮಾಸ್ತರ್, ಇದನ್ನು ನೋಡುತ್ತಾ ಕುಡಿದರೆ ಚಹಾ ಬೇಗ ಆರುತ್ತದೆ," ಎನ್ನುತ್ತಿದ್ದ.

ನಾಲ್ಕನೆಯ ಮಳೆಗಾಲದಲ್ಲಿ ಗೆದ್ದಲು ಆ ಗೋಡೆ ಹತ್ತಿ ಚಿತ್ರವನ್ನು ತಿಂದು ಹಾಕಿತು. ಅವತ್ತೇ ನಾವಿಬ್ಬರೂ ತೀರ್ಮಾನ ಮಾಡಿದ್ದು: ನಿವೃತ್ತಿಯಾದ ಮೇಲೆ ಇಬ್ಬರೂ ಹೆಂಡಂದಿರನ್ನು ಕರೆದುಕೊಂಡು ಹೋಗಿ ಆ ರೈಲನ್ನು ಕಣ್ಣಾರೆ ನೋಡಬೇಕು. ಸುಮ್ಮನೆ ಹರಟೆಯ ಮಾತು ಎಂದುಕೊಳ್ಳಬೇಡಿ. ನಿವೃತ್ತಿಯ ವರ್ಷ ಒಂದೇ ದಿನ ಇಬ್ಬರೂ ಹೋಗಿ ಪಾಸ್‌ಪೋರ್ಟ್ ಅರ್ಜಿ ಕೊಟ್ಟು ಬಂದೆವು. ಮರುವರ್ಷ ನವರಾತ್ರಿ ಮುಗಿದ ವಾರವೇ ಜಶುಭಾಯಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಧಾನವಾಯಿತು.

ವಡೋದರಾದ ಗೋರ್ವಾದಲ್ಲಿರುವ ಅವನ ಮನೆಗೆ ಹೋಗಿ, ನಾನೂ ಹೋಗುವುದಿಲ್ಲ, ಬಿಡು, ಎಂದೆ. ಅವನು ಒಂದೊಂದೇ ಶಬ್ದ ಹುಡುಕಿ ಗುಜರಾತಿಯಲ್ಲಿ ಹೇಳಿದ.

"ನನ್ನ ಗಾಡಿ ತಪ್ಪಿತು. ನೀನ್ಯಾಕೆ ನಿಲ್ಲುತ್ತಿ? ಹೋಗು. ಫೋಟೋ ತಾ. ಬಜಾರಿನದು ಬೇಡ. ನಮ್ಮ ಮನುಷ್ಯ ನಿಂತು ತೆಗೆದದ್ದು ಬೇಕು. ಪೂರಾ ಗಾಡಿ ಬರಬೇಕು, ಮಾಸ್ತರ್, ಇಂಜಿನ್ನಿನಿಂದ ಹಿಡಿದು."

ಅವನ ಹೆಂಡತಿ ಸವಿತಾಬೆನ್ ಸೆರಗಿನಿಂದ ಅವನ ಬಾಯಿಯ ಮೂಲೆ ಒರೆಸಿದರು. ನಾನು ಹ್ಞೂಂ ಎಂದೆ. ಮತ್ತೇನು ಹೇಳಲಿ?

ಸೂರತ್, ಐದು ನಿಮಿಷ

ನಾವು ಸೇರಿಕೊಂಡದ್ದು ಅಹಮದಾಬಾದಿನವರ ಒಂದು ತಂಡವನ್ನು. ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಗಾಳಿಪಟ ಬಿಟ್ಟು ಅಹಮದಾಬಾದಿನವರು ಸ್ವರ್ಗಕ್ಕೆ ಕರೆದರೂ ಹೊರಡುವುದಿಲ್ಲ. ಆದ್ದರಿಂದ ಹಬ್ಬ ಮುಗಿದ ಮೂರನೆಯ ದಿನ ಪ್ರಯಾಣ. ವಡೋದರಾದಲ್ಲಿ ನಾನೂ ನನ್ನ ಹೆಂಡತಿ ಕಸ್ತೂರಿಯೂ ಮುಂಬಯಿ ಗಾಡಿ ಹತ್ತಿದಾಗ, ಒಳಗೆ ಕೂತಿದ್ದ ಗಂಡಸರೆಲ್ಲರ ಬೆರಳಿಗೂ ಪಟ್ಟಿ. ಎಲ್ಲ ಗಾಳಿಪಟದ ಮಾಂಜಾ, ಗಾಜಿನ ಪುಡಿ ಸವರಿದ ದಾರ, ಕೊಯ್ದ ಗಾಯ. ಅವರ ಜೊತೆಗೆ ಒಬ್ಬ ಮಹಾರಾಜ್ ಇದ್ದರು. ಹೆದರಬೇಡಿ, ಗುಜರಾತಿನಲ್ಲಿ ಅಡುಗೆಯವರಿಗೆ ಹಾಗೆನ್ನುತ್ತಾರೆ. ಎರಡು ಕುಕ್ಕರು, ಒಂದು ಚೀಲ ಗೋಧಿಹಿಟ್ಟು, ಡಬ್ಬಿಗಟ್ಟಲೆ ಖಾಖರಾ ಎಂಬ ಗರಿಗರಿ ಗೋಧಿ ರೊಟ್ಟಿ ಹೇರಿಕೊಂಡು ಅವರು ಯುರೋಪಿಗೆ ಹೊರಟಿದ್ದರು.

ನನ್ನ ಬಳಿ ಕ್ಯಾಮೆರಾ ಇರಲಿಲ್ಲ. ನನ್ನ ಅಳಿಯ ಸೂರತ್ತಿನ ಹತ್ತಿರ ಹಜೀರಾದಲ್ಲಿ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಫೋಟೋದ ಹುಚ್ಚು ಅವನಿಗೆ. ಗಾಡಿ ಸೂರತ್ತಿನಲ್ಲಿ ಐದು ನಿಮಿಷ ನಿಲ್ಲುತ್ತದೆ, ಪ್ಲಾಟ್‌ಫಾರ್ಮಿಗೇ ತಂದು ಕೊಡುತ್ತೇನೆ ಎಂದಿದ್ದ. ತಂದ. ಐದು ನಿಮಿಷದಲ್ಲಿ ಫೋಟೋಗ್ರಫಿಯನ್ನೇ ಕಲಿಸಲು ಶುರುಮಾಡಿದ.

"ಮಾವಾರ, ಹಿಮಾ ಬೆಳ್ಳಗ ಬರಂಗಿಲ್ರಿ, ಬೂದಿ ಬಣ್ಣ ಬರತೈತಿ. ಅದಕ್ಕ ಈ ಮುಳ್ಳು ಒಂದು ಮನಿ ಮ್ಯಾಲ ಇಡ್ರಿ. ಗಾಡಿ ಓಡತಿರತೈತಿ, ಅದಕ್ಕ ಇದನ್ನ ಇಲ್ಲಿ ಇಡ್ರಿ. ರೋಲ್ ಮೂವತ್ತಾರು, ತಿಳೀತ?"

"ತಿಳೀತು," ಎಂದೆ. ಒಂದಕ್ಷರವೂ ತಿಳಿದಿರಲಿಲ್ಲ. ನನ್ನ ಕಣ್ಣೆಲ್ಲ ಸಿಗ್ನಲ್ಲಿನ ಮೇಲಿತ್ತು. ಹಳದಿ ಬಿದ್ದೊಡನೆ ನಾನು ಕಸ್ತೂರಿಯನ್ನು ಒಳಗೆ ತಳ್ಳಿದೆ. ಗಾಡಿ ಹೊರಟಿತು. ಅಳಿಯ ಕಿಟಕಿಯ ಪಕ್ಕ ಓಡುತ್ತಾ ಕ್ಯಾಮೆರಾದ ಸೆಲ್ಲಿನ ವಿಷಯ ಏನೋ ಹೇಳಲು ಬಾಯಿ ತೆರೆದ. ಓಡುವ ಗಾಡಿಯ ಪಕ್ಕ ಓಡಬಾರದೆಂದು ನಾನು ಅವನನ್ನು ಗದರಿಸಿದೆ. ಪಾಪ, ನಿಂತುಬಿಟ್ಟ. ಅವನ ಪಾಠದ ಕೊನೆಯ ಭಾಗ ಸೂರತ್ತಿನ ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು.

ಜ್ಯೂರಿಕ್

ವಿಮಾನದ ವಿಷಯ ಬರೆಯುವುದಿಲ್ಲ, ನಾನು ಉದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ. ಜ್ಯೂರಿಕ್‌ನಲ್ಲಿ ಇಳಿದಾಗ ಕಸ್ಟಮ್ಸಿನ ಹುಡುಗಿ ಕಸ್ತೂರಿಯ ಚೀಲ ಬಿಚ್ಚಿಸಿದಳು. ಒಳಗೆ ನಲವತ್ತು ಖಡಕ್ ರೊಟ್ಟಿ. ಮಹಾರಾಜರ ಖಾಖರಾ ಎಷ್ಟಿದ್ದರೂ ನಮ್ಮ ಸಜ್ಜೆ ರೊಟ್ಟಿಯ ರುಚಿ ಬರುತ್ತದೆಯೇ ಎಂಬುದು ಕಸ್ತೂರಿಯ ವಾದ. ಹುಡುಗಿ ಒಂದನ್ನು ಎತ್ತಿ ಬೆರಳಿನಿಂದ ತಟ್ಟಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಕಸ್ತೂರಿಗೆ ತಡೆಯಲಾಗಲಿಲ್ಲ. ಅದನ್ನು ಅವಳ ಕೈಯಿಂದ ತಗೊಂಡು, ಚೂರು ಮುರಿದು, ಕರಕರ ತಿಂದು ತೋರಿಸಿದಳು. ಹುಡುಗಿ ನಕ್ಕು ಬಿಟ್ಟಳು.

ಅಲ್ಲಿಂದ ಮುಂದಕ್ಕೆ ನಮ್ಮ ಪ್ರಯಾಣ ಬಸ್ಸಿನಲ್ಲಿ. ಆದರೂ ನಾನು ಮೊದಲು ಓಡಿದ್ದು ರೈಲ್ವೆ ಸ್ಟೇಷನ್ನಿಗೆ. ಎಷ್ಟು ದೊಡ್ಡ ಸ್ಟೇಷನ್, ಎಷ್ಟು ಗಾಡಿ! ಆದರೆ ಬೀಳ್ಕೊಡುವವರು ಯಾರೂ ಇಲ್ಲ. ನಮ್ಮಲ್ಲಿ ಒಬ್ಬ ಪಕ್ಕದ ಮಿಯಾಗಾಮಿಗೆ ಹೋಗುವುದಿದ್ದರೂ ನಾಲ್ಕು ಜನ ಬಂದು ಕಿಟಕಿಗೆ ಜೋತು ಬೀಳುತ್ತಾರೆ. ಇಲ್ಲಿ ಮುದುಕಿಯೊಬ್ಬಳು ತನಗಿಂತ ಭಾರದ ಪೆಟ್ಟಿಗೆ ತಾನೇ ಎತ್ತಿ ಇಟ್ಟುಕೊಂಡು, ಕೂತು, ಪುಸ್ತಕ ತೆಗೆದಳು. ಗಂಟೆ ಬಾರಿಸಲಿಲ್ಲ, ಬಾವುಟ ಬೀಸಲಿಲ್ಲ. ಬಾಗಿಲು ತಾವೇ ಮುಚ್ಚಿಕೊಂಡವು, ಗಾಡಿ ಹೊರಟೇ ಹೋಯಿತು. ದೊಡ್ಡ ಗಡಿಯಾರದ ಮುಳ್ಳು ಅದೇ ಕ್ಷಣಕ್ಕೆ ನಿಮಿಷದ ಗೆರೆ ಮುಟ್ಟಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಜೊತೆಗೇ ಏನೋ ಬಿಕೋ ಎನ್ನಿಸಿತು.

ಕೂರ್

ಕೂರ್ ಎಂಬ ಊರಿನಲ್ಲಿ ನಮ್ಮ ತಂಡಕ್ಕೆ ಒಂದು ರಾತ್ರಿ ವಸತಿ. ನಾನು ಹುಡುಕಿಕೊಂಡು ಬಂದ ಸೇತುವೆ ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಆದರೆ ತಂಡದ ಕಾರ್ಯಕ್ರಮದಲ್ಲಿ ಸೇತುವೆ ಇರಲಿಲ್ಲ. ಎರಡನೆಯ ದಿನ ಎಲ್ಲರೂ ಹಿಮದ ಗುಡ್ಡಕ್ಕೆ ಹೋಗಿ ಗರ್ಬಾ ಆಡುವುದು, ಮಧ್ಯಾಹ್ನ ಮೂರಕ್ಕೆ ಬಸ್ಸು ಹತ್ತಿ ಮುಂದಿನ ಊರಿಗೆ ಹೋಗುವುದು, ಇದು ಕಾರ್ಯಕ್ರಮ.

ತಂಡದ ಮುಖಂಡ ಪರೇಶಭಾಯಿಗೆ ನನ್ನ ಆಸೆ ಹೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಮಾಸ್ತರ್ ಸಾಹೇಬ್, ಜೀವಮಾನವೆಲ್ಲ ರೈಲು ನೋಡಿದ್ದೀರಿ. ಇಲ್ಲಿಗೆ ಬಂದೂ ರೈಲೇ ನೋಡಬೇಕೆ? ಎಲ್ಲರೂ ಹಿಮದಲ್ಲಿ ಗರ್ಬಾ ಆಡುತ್ತಾರೆ, ಮಹಾರಾಜ್ ಬಿಸಿ ಭಜಿಯಾ ಮಾಡುತ್ತಾರೆ."

ಜಶುಭಾಯಿಯ ವಿಷಯ ಹೇಳಿದೆ. ಪರೇಶಭಾಯಿ ಹೇಳಿದರು, "ಹೋಗಿ ಬನ್ನಿ. ಆದರೆ ಮೂರೆಂದರೆ ಮೂರು. ನಲವತ್ತು ಜನರನ್ನು ನಿಲ್ಲಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ."

ಹೊತ್ತಿನ ವಿಷಯ ನನಗೆ ಹೇಳಿಕೊಡಬೇಕೆ? ಆ ರಾತ್ರಿ ಊಟ ಮುಗಿಸಿ ನಾನು ಟೈಮ್ ಟೇಬಲ್ ಹರಡಿಕೊಂಡು ಕೂತೆ. ಬೇರೆ ದೇಶದ್ದಾದರೂ ಟೈಮ್ ಟೇಬಲ್ ನನಗೆ ಓದಲು ಬರುತ್ತದೆ, ನಮ್ಮ ಕುಲದ ಭಾಷೆ ಅದು. ಕ್ಯಾಲೆಂಡರಿನ ರೈಲು ಸೇತುವೆ ದಾಟಿ ಸುರಂಗದೊಳಕ್ಕೆ ಹೋಗುತ್ತಿತ್ತು. ಆ ದಿಕ್ಕಿನ ಗಾಡಿ ಗಂಟೆಗೊಂದು. ಹತ್ತೂಕಾಲಿಗೆ, ಹನ್ನೊಂದೂಕಾಲಿಗೆ, ಹನ್ನೆರಡೂಕಾಲಿಗೆ ಸೇತುವೆಯ ಮೇಲೆ ಬರುತ್ತದೆ. ಒಂದು ಗಂಟೆಗೆ ನಾವು ವಾಪಸು ಗಾಡಿ ಹಿಡಿಯಲೇಬೇಕು. ಎಂದರೆ ನನಗೆ ಮೂರು ಅವಕಾಶ.

"ಒಂದು ತಪ್ಪಿದ್ರ ಇನ್ನೆರಡು ಅದಾವಲ್ಲ," ಎಂದಳು ಕಸ್ತೂರಿ, ಎರಡನೆಯ ಸ್ವೆಟರ್ ಹಾಕಿಕೊಳ್ಳುತ್ತಾ.

ಫಿಲಿಸೂರ್

ಫಿಲಿಸೂರ್ ಎಂಬ ಹಳ್ಳಿಯಲ್ಲಿ ನಾವಿಬ್ಬರೇ ಇಳಿದೆವು. ಸಣ್ಣ ಸ್ಟೇಷನ್, ಚಿಕ್ಕ ಹಳಿ. ನಮ್ಮ ಡಭೋಯಿ ಲೈನಿಗಿಂತ ಒಂದು ಗೇಣು ಅಗಲವಿದ್ದೀತು. ಪ್ಲಾಟ್‌ಫಾರ್ಮಿನಲ್ಲಿ ಹಿಮ ಗುಡಿಸಿ ಬದಿಗೆ ರಾಶಿ ಹಾಕಿದ್ದರು, ಪಕ್ಕದಲ್ಲೇ ಪೊರಕೆ ಒರಗಿಸಿತ್ತು. ಆ ಪೊರಕೆ ನೋಡಿ ನನಗೆ ನನ್ನ ಸ್ಟೇಷನ್ ನೆನಪಾಯಿತು. ಅಲ್ಲಿ ನಾವು ಗುಡಿಸುತ್ತಿದ್ದದ್ದು ಬೇವಿನ ಎಲೆ, ಹತ್ತಿಯ ಚೂರು, ಆಡಿನ ಹಿಕ್ಕೆ.

ಸೇತುವೆಗೆ ಅರ್ಧ ಗಂಟೆಯ ಕಾಲುದಾರಿ. ನನ್ನ ಬೂಟು ಅಹಮದಾಬಾದಿನಲ್ಲಿ ಕೊಂಡದ್ದು, ಅಂಗಡಿಯವನು ಹಿಮಕ್ಕೆಂದೇ ಮಾಡಿಸಿದ್ದು ಎಂದು ಆಣೆ ಮಾಡಿದ್ದ. ಅವನು ಹಿಮವನ್ನು ಐಸ್‌ಗೋಲಾದಲ್ಲಿ ಮಾತ್ರ ನೋಡಿದ್ದನೆಂದು ಹತ್ತು ಹೆಜ್ಜೆಯಲ್ಲೇ ಗೊತ್ತಾಯಿತು. ಎರಡು ಸಲ ಕೂತೆ, ಒಂದು ಸಲ ಮಲಗಿದೆ. ಕಸ್ತೂರಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಒಳಗೆ ಅಳಿಯನ ಪ್ಯಾಂಟ್ ಹಾಕಿಕೊಂಡು, ಹೊಲದ ಬದುವಿನ ಮೇಲೆ ನಡೆಯುವವಳಂತೆ ಮುಂದೆ ನಡೆದಳು.

ಕೊನೆಗೆ ದಿಬ್ಬದ ಮೇಲೆ ಹೋಗಿ ನಿಂತೆವು. ಎದುರಿಗೆ ಸೇತುವೆ. ಆರು ಕಮಾನು, ತೆಳ್ಳಗೆ, ಎತ್ತರಕ್ಕೆ, ಬಾಗಿಕೊಂಡು ಹೋಗಿ ನೆಟ್ಟಗೆ ಬಂಡೆಯ ಎದೆಯೊಳಕ್ಕೆ ಹೊಕ್ಕಿತ್ತು. ಮೂರು ವರ್ಷ ನನ್ನ ಗೋಡೆಯಲ್ಲಿದ್ದ ಸೇತುವೆ. ಜಶುಭಾಯಿ ಪಕ್ಕದಲ್ಲಿ ಇರಬೇಕಾಗಿತ್ತು ಎಂದು ಎಷ್ಟು ತೀವ್ರವಾಗಿ ಅನ್ನಿಸಿತೆಂದರೆ, ನಾನು ಒಂದು ಹೆಜ್ಜೆ ಸರಿದು ಜಾಗ ಬಿಟ್ಟು ನಿಂತುಕೊಂಡೆ.

ಹತ್ತೂಕಾಲಿನ ಗಾಡಿ ಬರುವ ಹೊತ್ತಿಗೆ ಸರಿಯಾಗಿ ಹಿಮ ಸುರಿಯತೊಡಗಿತು. ಸದ್ದು ಕೇಳಿಸಿತು, ಕಬ್ಬಿಣದ ಮೇಲೆ ಕಬ್ಬಿಣ ಉರುಳುವ ನಮ್ಮ ಪರಿಚಯದ ಸದ್ದು. ಕಣ್ಣಿಗೆ ಬೂದು ಗೋಡೆಯೊಂದು ಬಿಟ್ಟು ಏನೂ ಕಾಣಲಿಲ್ಲ. ಆ ಗೋಡೆಯ ಹಿಂದೆಯೇ ಗಾಡಿ ಬಂದು ಹೋಯಿತು.

"ಇನ್ನೆರಡು," ಎಂದಳು ಕಸ್ತೂರಿ. ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. ನಿಂತೇ ತಿಂದೆವು. ಬೆರಳು ಮರಗಟ್ಟಿ ಚಟ್ನಿ ಎಲ್ಲಿ ಹತ್ತಿತು ಎಲ್ಲಿ ಇಲ್ಲ ಎಂದೇ ತಿಳಿಯುತ್ತಿರಲಿಲ್ಲ.

ಹನ್ನೊಂದರ ಸುಮಾರಿಗೆ ಮೋಡ ಹರಿಯಿತು. ಬಿಸಿಲು ಬಿದ್ದು ಬೆಟ್ಟವೆಲ್ಲ ಹೊಳೆಯಿತು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದು, ಅಳಿಯ ಹೇಳಿದ ಮುಳ್ಳನ್ನು ಅಂದಾಜಿನ ಮೇಲೆ ಒಂದು ಮನೆ ಸರಿಸಿ, ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಕಾದೆ. ಗಾಡಿ ಬಂತು. ಕುಂಕುಮದಂಥ ಕೆಂಪು! ಗುಂಡಿ ಒತ್ತಿದೆ. ಕ್ಯಾಮೆರಾ ಕಮಕ್ ಕಿಮಕ್ ಎನ್ನಲಿಲ್ಲ. ಮತ್ತೆ ಒತ್ತಿದೆ. ಬಡಿದೆ. ಊದಿದೆ. ಪಕ್ಕದಲ್ಲಿ ಕಸ್ತೂರಿ ಖುಷಿಯಲ್ಲಿ ತನ್ನ ಕೆಂಪು ಶಾಲು ತೆಗೆದು ಗಾಡಿಗೆ ಬೀಸತೊಡಗಿದ್ದಳು.

"ಏ, ಕೆಂಪು ಬೀಸಬ್ಯಾಡ! ಡ್ರೈವರ್ ಗಾಡಿ ನಿಲ್ಲಿಸ್ತಾನ!" ಎಂದು ಚೀರಿದೆ.

"ನಿಲ್ಲಿಸಿದ್ರ ಛಲೋನ ಆತಲ್ರಿ, ನಿಮ್ಮ ಫೋಟೋ ಆಗತೈತಿ," ಎಂದಳು.

ಗಾಡಿ ನಿಲ್ಲಲಿಲ್ಲ. ಎಂಟು ಡಬ್ಬಿಯೂ ಸುರಂಗಕ್ಕೆ ಹೋದವು. ನಾನು ಹಿಮದ ಮೇಲೆ ಕುಕ್ಕರಿಸಿ ಕೂತುಬಿಟ್ಟೆ.

ಅದೇ ಹೊತ್ತಿಗೆ ಎರಡು ಕೋಲೂರಿಕೊಂಡು ಒಬ್ಬ ಅಜ್ಜಿ ಆ ದಾರಿಯಲ್ಲಿ ಬಂದಳು. ಎಪ್ಪತ್ತು ದಾಟಿರಬೇಕು, ಸೇಬಿನಂಥ ಕೆನ್ನೆ. ಕ್ಯಾಮೆರಾವನ್ನೂ ನನ್ನ ಮುಖವನ್ನೂ ನೋಡಿದಳು. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ಅವಳು ಕ್ಯಾಮೆರಾ ತಗೊಂಡು, ಕೆಳಗಿನ ಮುಚ್ಚಳ ಬಿಚ್ಚಿ, ಎರಡು ಸಣ್ಣ ಸೆಲ್ಲು ತೆಗೆದು ನನ್ನ ಅಂಗೈಗೆ ಹಾಕಿದಳು. ಆಮೇಲೆ ಬಲು ಗಂಭೀರವಾಗಿ ತನ್ನ ಕಂಕುಳನ್ನು ತೋರಿಸಿದಳು. ಚಳಿಗೆ ಸೆಲ್ಲು ಸತ್ತಿವೆ, ಕಂಕುಳಲ್ಲಿಟ್ಟು ಕಾವು ಕೊಡು ಎಂದು. ಸೂರತ್ತಿನ ಪ್ಲಾಟ್‌ಫಾರ್ಮಿನಲ್ಲಿ ಅಳಿಯ ಹೇಳಲು ಹೊರಟಿದ್ದದ್ದು ಇದನ್ನೇ ಇರಬೇಕು. ನಾಲ್ಕು ಸ್ವೆಟರಿನ ಒಳಗೆ ಕೈ ತೂರಿಸಿ ಸೆಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡೆ. ಕಸ್ತೂರಿ ಅಜ್ಜಿಗೆ ಒಂದು ರೊಟ್ಟಿ ಕೊಟ್ಟಳು. ಅಜ್ಜಿ ಅದನ್ನು ಕಡಿದು, ಹಲ್ಲು ಗಟ್ಟಿಯಿದೆಯೆಂದು ನಮಗೆ ತೋರಿಸಿ, ನಕ್ಕು ಹೊರಟುಹೋದಳು.

ಹನ್ನೆರಡೂಕಾಲಿನ ಗಾಡಿ

ಕಂಕುಳಲ್ಲಿ ಸೆಲ್ಲು ಹಿಡಿದು ಒಂದು ಗಂಟೆ ನಿಲ್ಲುವುದೆಂದರೆ ಬೇರೆ ಕೆಲಸವಿಲ್ಲ, ನೆನಪು ಮಾಡಿಕೊಳ್ಳುವುದೇ ಕೆಲಸ. ನನ್ನ ಸ್ಟೇಷನ್ನಿನಲ್ಲಿ ಗಾಡಿ ಬರುವ ಮುಂಚೆ ಹೀಗೆಯೇ ನಿಶ್ಶಬ್ದವಿರುತ್ತಿತ್ತು. ಹೊಲದಲ್ಲಿ ನವಿಲು ಕೂಗುವುದು, ನೀರಿನ ಮಡಿಕೆಯ ಮೇಲೆ ಮುಚ್ಚಿದ ತಟ್ಟೆ ಅಲುಗುವುದು, ದೂರದಲ್ಲಿ ಇಂಜಿನ್ನಿನ ಹೊಗೆ. ಆ ಹೊಗೆ ಕಂಡೊಡನೆ ಚಹಾದವನು ಒಲೆ ಊದುತ್ತಿದ್ದ. ಜಶುಭಾಯಿ ಇಳಿಯುವಾಗ ಚಹಾ ಕುದಿಯುತ್ತಿರಬೇಕು, ಅದು ನಮ್ಮ ಸ್ಟೇಷನ್ನಿನ ಕಾನೂನು. ಹೊಗೆಯ ಇಂಜಿನ್ನು ಹೋಗಿ ಡೀಸೆಲ್ ಬಂತು, ಆಮೇಲೆ ಗಾಡಿಗಳೂ ಕಡಿಮೆಯಾದವು. ಕುರ್ಚಿಯಲ್ಲಿ ಕೂತಿದ್ದ ನಾನೂ ಹೋದೆ. ಇಷ್ಟು ದೂರ ಬಂದು, ಇಷ್ಟು ಚೆಂದದ ಬೆಟ್ಟ ಎದುರಿಗಿಟ್ಟುಕೊಂಡು, ನಾನು ಆ ಧೂಳಿನ ಸ್ಟೇಷನ್ನಿಗಾಗಿ ಅತ್ತೆ. ಕಣ್ಣೀರು ಕೆನ್ನೆಯ ಮೇಲೆ ಚುರುಕ್ ಎನ್ನುತ್ತಿತ್ತು. ಕಸ್ತೂರಿ ಏನೂ ಕೇಳದೆ ಮಫ್ಲರಿನ ತುದಿಯಿಂದ ಒರೆಸಿದಳು.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಸೆಲ್ಲು ಹಾಕಿದೆ. ಕ್ಯಾಮೆರಾಕ್ಕೆ ಜೀವ ಬಂತು. ಹದಿನೈದಾಯಿತು, ಗಾಡಿ ಇಲ್ಲ. ಹದಿನಾರು. ಇಲ್ಲ.

"ಬಂತ್ರೀ!" ಎಂದಳು ಕಸ್ತೂರಿ.

ಬಂತು. ನೀಲಿ ಆಕಾಶ, ಬಿಳಿ ಬೆಟ್ಟ, ಕೆಂಪು ಇಂಜಿನ್ನು, ಅದರ ಬದಿಯಲ್ಲಿ ಎದ್ದು ಹಾರುವ ಹಿಮದ ಪುಡಿ. ಸೇತುವೆಯ ಬಾಗಿನಲ್ಲಿ ಪೂರಾ ಗಾಡಿ ತಿರುಗಿ ನನ್ನ ಕಡೆ ಬಂತು. ಕ್ಯಾಲೆಂಡರಿನ ಚಿತ್ರ ಜೀವ ತಳೆದು ಬಂದಂತೆ ಬಂತು.

ಆಗ ನಾನು ಮಾಡಿದ್ದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಸ್ಟೇಷನ್ನಿನಲ್ಲಿ ಗಾಡಿ ದಾಟಿ ಹೋಗುವಾಗ ಮಾಸ್ತರನಾದವನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಹಸಿರು ಬಾವುಟ ಹಿಡಿಯಬೇಕು. ಬಾವುಟ ಇಲ್ಲದಿದ್ದರೆ ಒಂದು ಕೈಯನ್ನು ನೆಟ್ಟಗೆ ಚಾಚಿ ಅಲುಗಾಡದಂತೆ ಹಿಡಿಯಬೇಕು. ಎಲ್ಲ ಸರಿ ಇದೆ, ಹೋಗಿ, ಎಂದು ಅದರ ಅರ್ಥ. ಡ್ರೈವರ್ ಸೀಟಿ ಹಾಕಿ ಉತ್ತರ ಕೊಡುತ್ತಾನೆ. ಮಾಸ್ತರ್ ಒಂದೊಂದೇ ಡಬ್ಬಿಯ ಗಾಲಿ ನೋಡುತ್ತಾನೆ, ಎಲ್ಲಾದರೂ ಹೊಗೆ ಬರುತ್ತಿದೆಯೇ, ಏನಾದರೂ ಜೋತು ಬಿದ್ದಿದೆಯೇ ಎಂದು. ಕಡೆಯ ಡಬ್ಬಿ ದಾಟುವ ತನಕ ಆ ಕೈ ಇಳಿಯಬಾರದು; ಅದರ ಹಿಂದಿನ ದೀಪ ಕಂಡರೇನೇ ಗಾಡಿ ಪೂರಾ ಬಂತು, ಯಾವ ಡಬ್ಬಿಯೂ ಕಳಚಿ ಹಿಂದೆ ಉಳಿದಿಲ್ಲ ಎಂದರ್ಥ. ಮೂವತ್ತೈದು ವರ್ಷ, ದಿನಾ, ನಾನು ಮಾಡಿದ್ದು ಅದನ್ನೇ.

ಗಾಡಿ ಹತ್ತಿರ ಬಂದದ್ದೇ ನನ್ನ ಬಲಗೈ ಕ್ಯಾಮೆರಾ ಬಿಟ್ಟು ನೆಟ್ಟಗೆ ಚಾಚಿಕೊಂಡಿತು. ನಾನು ಚಾಚಲಿಲ್ಲ, ದೇವರಾಣೆ, ಅದೇ ಚಾಚಿಕೊಂಡಿತು. ಇಂಜಿನ್ನಿನ ಗಾಜಿನ ಹಿಂದೆ ಡ್ರೈವರ್ ನನ್ನನ್ನು ನೋಡಿದ. ಅವನಿಗೆ ಏನನ್ನಿಸಿತೋ, ತಾನೂ ಕೈ ಎತ್ತಿ ಒಂದು ಗಿಡ್ಡ ಸೀಟಿ ಹಾಕಿದ. ನನಗೆ ರೋಮಾಂಚನವಾಯಿತು. ನಾನು ನೆಟ್ಟಗೆ ನಿಂತು ಗಾಲಿ ನೋಡತೊಡಗಿದೆ. ಒಂದನೆಯ ಡಬ್ಬಿ, ಸರಿ. ಎರಡನೆಯದು, ಸರಿ. ಮೂರು, ನಾಲ್ಕು, ಸರಿ.

"ರೀ! ಏನ ಮಾಡಾಕತ್ತೀರಿ? ಫೋಟೋ!"

ಕಸ್ತೂರಿ ನನ್ನ ಭುಜ ಹಿಡಿದು ಅಲುಗಿಸಿದಳು. ಎಚ್ಚರಾಗಿ ಕ್ಯಾಮೆರಾ ಎತ್ತಿ ಒತ್ತಿದಾಗ ಏಳು ಡಬ್ಬಿ ಸುರಂಗದೊಳಗೆ ಹೋಗಿಯಾಗಿತ್ತು. ಒಂದೇ ಒಂದು ಫೋಟೋ ಬಿತ್ತು. ಎರಡನೆಯ ಸಲ ಒತ್ತಿದಾಗ ಬರಿಯ ಸೇತುವೆ. ಇನ್ನೊಂದು ಗಾಡಿಗೆ ಕಾಯಲು ಹೊತ್ತಿರಲಿಲ್ಲ.

ವಾಪಸು ಬರುವ ದಾರಿಯಲ್ಲಿ ನಾನು ಒಂದು ಸಲವೂ ಜಾರಲಿಲ್ಲ. ಸಿಟ್ಟಿನಲ್ಲಿ ಹೆಜ್ಜೆ ಗಟ್ಟಿಯಾಗಿ ಬೀಳುತ್ತವೆ.

"ಹೋಗ್ಲಿ ಬಿಡ್ರಿ. ಕೈ ಕಲ್ತದ್ದು ಮಾಡ್ತು," ಎಂದಳು ಕಸ್ತೂರಿ.

"ಜಶುಭಾಯಿಗೆ ಏನ ಹೇಳ್ಲಿ?" ಎಂದೆ.

ಮೂರಕ್ಕೆ ಹತ್ತು ನಿಮಿಷವಿರುವಾಗ ಬಸ್ಸಿನ ಬಳಿ ಬಂದೆವು. ಪರೇಶಭಾಯಿ ನಗುತ್ತಾ, "ಸಿಕ್ಕಿತೇ ರೈಲು?" ಎಂದರು. ಮಹಾರಾಜ್ ನಮಗೆಂದು ತೆಗೆದಿಟ್ಟ ಭಜಿಯಾ ಕೊಟ್ಟರು. ನಾನು ಒಂದನ್ನೂ ತಿನ್ನಲಿಲ್ಲ.

ಮತ್ತೆ ಗೋರ್ವಾ

ಊರಿಗೆ ಬಂದು ರೋಲ್ ತೊಳೆಸಿದೆ. ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ತೆಗೆದ ಕಸ್ತೂರಿಯ ಹದಿನಾಲ್ಕು ಫೋಟೋ ಚೆನ್ನಾಗಿ ಬಂದಿದ್ದವು. ಸೇತುವೆಯ ಆ ಒಂದು ಫೋಟೋದಲ್ಲಿ ಸುರಂಗದ ಕಪ್ಪು ಬಾಯಿ, ಅದರ ಮುಂದೆ ಒಂದೇ ಒಂದು ಕೆಂಪು ಡಬ್ಬಿಯ ಹಿಂಭಾಗ, ಎರಡು ದೀಪ. ಅಷ್ಟೇ. ಇದನ್ನು ಹಿಡಿದುಕೊಂಡು ಜಶುಭಾಯಿಯ ಮುಖ ನೋಡುವುದು ಹೇಗೆ?

ನಾನು ಒಂದು ಕಳ್ಳ ಕೆಲಸ ಮಾಡಿದೆ. ಕೂರ್ ಸ್ಟೇಷನ್ನಿನಲ್ಲಿ ಅದೇ ಸೇತುವೆಯ ಚಿತ್ರವಿರುವ ಒಂದು ಕಾರ್ಡ್ ಕೊಂಡಿದ್ದೆ. ಪೂರಾ ಗಾಡಿ ಇತ್ತು ಅದರಲ್ಲಿ. ಅದನ್ನು ಸ್ಟುಡಿಯೋದಲ್ಲಿ ಕೊಟ್ಟು ಫೋಟೋ ಕಾಗದದ ಮೇಲೆ ನಕಲು ಮಾಡಿಸಿದೆ. ಕಸ್ತೂರಿಗೆ ಗೊತ್ತಾಗಿ ಒಂದು ದಿನ ನನ್ನ ಜೊತೆ ಮಾತು ಬಿಟ್ಟಳು. ಆದರೂ ಅವಳು ನನ್ನ ಜೊತೆಗೇ ಗೋರ್ವಾಕ್ಕೆ ಬಂದಳು.

ಜಶುಭಾಯಿ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದ. ಸ್ನಾನ ಮಾಡಿ, ತಲೆ ಬಾಚಿಸಿಕೊಂಡು, ಬಿಳಿ ಅಂಗಿ ಹಾಕಿಕೊಂಡಿದ್ದ. ಬೆಳಿಗ್ಗೆ ಆರರಿಂದ ಹೀಗೆಯೇ ಕೂತಿದ್ದಾರೆ ಎಂದರು ಸವಿತಾಬೆನ್. ನಕಲು ಫೋಟೋ ಅವನ ಎಡಗೈಗೆ ಕೊಟ್ಟೆ. ಅವನು ಬಹಳ ಹೊತ್ತು ನೋಡಿದ. ಕಣ್ಣು ತುಂಬಿ ಬಂತು. ಆಮೇಲೆ ಗಾರ್ಡ್ ಕೇಳುವ ಪ್ರಶ್ನೆಗಳನ್ನೇ ಕೇಳತೊಡಗಿದ. ಎಲ್ಲಿ ನಿಂತಿದ್ದೆ? ಗಾಳಿ ಇತ್ತೆ? ಗಾಡಿ ಜೋರಾಗಿತ್ತೆ? ಡ್ರೈವರ್ ನಿನ್ನನ್ನು ನೋಡಿದನೇ?

"ನೋಡಿದ. ನಾನು ಕೈ ಚಾಚಿ ನಿಂತೆ. ಅವನು ಸೀಟಿ ಹಾಕಿದ," ಎಂದುಬಿಟ್ಟೆ. ಆ ಸಂತೋಷವನ್ನು ಅವನಿಗೆ ಹೇಳದೆ ಇನ್ಯಾರಿಗೆ ಹೇಳಲಿ?

ಜಶುಭಾಯಿ ಅರ್ಧ ಬಾಯಿಯಲ್ಲಿ ಜೋರಾಗಿ ನಕ್ಕ. ನಗು ನಿಂತ ಮೇಲೆ ನನ್ನನ್ನೇ ನೋಡಿದ.

"ಮಾಸ್ತರ್, ನೀನು ಕೈ ಚಾಚಿ ನಿಂತಿದ್ದರೆ... ಈ ಫೋಟೋ ಯಾರು ತೆಗೆದರು?"

ಕಸ್ತೂರಿ ನೆಲ ನೋಡಿದಳು. ನಾನು ಜೇಬಿನಿಂದ ನನ್ನ ಫೋಟೋ ತೆಗೆದೆ. ಎಲ್ಲವನ್ನೂ ಹೇಳಿದೆ, ಹಿಮ, ಸೆಲ್ಲು, ಕೈ, ಏಳು ಡಬ್ಬಿ ಹೋದದ್ದು, ಕಾರ್ಡು, ಸ್ಟುಡಿಯೋ. "ನೀನು ಇಂಜಿನ್ನಿನಿಂದ ಹಿಡಿದು ಕೇಳಿದ್ದೆ. ನಾನು ಬಾಲ ಮಾತ್ರ ತಂದೆ. ಕ್ಷಮಿಸು."

ಅವನು ನಕಲನ್ನು ಪಕ್ಕಕ್ಕಿಟ್ಟ. ನನ್ನ ಫೋಟೋ ತಗೊಂಡು ಕಿಟಕಿಯ ಬೆಳಕಿಗೆ ಹಿಡಿದ. ಬಾಯಿ ಅಲುಗಿತು, ಮಾತು ಬರಲು ಹೊತ್ತು ಹಿಡಿಯಿತು.

"ಇದು ನನ್ನ ಡಬ್ಬಿ," ಎಂದ.

ಹೆಬ್ಬೆರಳಿನಿಂದ ಆ ಕೆಂಪು ಡಬ್ಬಿಯನ್ನು ಸವರಿದ.

"ಮೂವತ್ತನಾಲ್ಕು ವರ್ಷ... ಎಲ್ಲರೂ ಇಂಜಿನ್ನಿನ ಫೋಟೋ ತೆಗೆದರು. ನಾನು ನಿಂತ ಡಬ್ಬಿಯದು ಯಾರೂ ತೆಗೆಯಲಿಲ್ಲ." ಫೋಟೋ ಕಣ್ಣಿನ ಹತ್ತಿರ ತಂದ. "ಎರಡೂ ದೀಪ ಉರಿಯುತ್ತಿವೆ. ಗಾಡಿ ಪೂರಾ ಇದೆ." ಫೋಟೋವನ್ನು ನನ್ನ ಕಡೆ ತಿರುಗಿಸಿ ಕೇಳಿದ, "ಹಿಂದೆ ಯಾರೂ ನಿಂತಿಲ್ಲವಲ್ಲ?"

"ಅಲ್ಲಿ ಗಾರ್ಡ್ ಬಾವುಟ ಹಿಡಿದು ನಿಲ್ಲುವುದಿಲ್ಲ, ಜಶುಭಾಯಿ."

ಅವನು ಸವಿತಾಬೆನ್ ಕಡೆ ತಿರುಗಿ ಪೆನ್ನು ಕೇಳಿದ. ಅವರು ಗಾಬರಿಯಿಂದ ನನ್ನ ಮುಖ ನೋಡಿದರು. ಲಕ್ವ ಹೊಡೆದ ಮೇಲೆ ಅವನು ಪೆನ್ನು ಮುಟ್ಟಿರಲಿಲ್ಲ. ಎಡಗೈಯಲ್ಲಿ ಬರೆಯಲು ಡಾಕ್ಟರು ಎಷ್ಟು ಹೇಳಿದರೂ ಕೇಳಿರಲಿಲ್ಲ. ಪೆನ್ನು ಕೊಟ್ಟರು. ಫೋಟೋ ತಿರುವಿ, ತೊಡೆಯ ಮೇಲೆ ಒಂದು ಪುಸ್ತಕದ ಮೇಲಿಟ್ಟುಕೊಂಡ. ನಾನು ಜಾರದಂತೆ ಅಂಚು ಹಿಡಿದೆ.

"ಸೇತುವೆ ದಾಟಿದ್ದು ಎಷ್ಟಕ್ಕೆ?"

"ಹನ್ನೆರಡು ಹದಿನೇಳು."

"ಸರಿಯಾದ ಹೊತ್ತು?"

"ಹನ್ನೆರಡು ಹದಿನೈದು. ಎರಡು ನಿಮಿಷ ತಡ."

"ಕಾರಣ?"

ಗಾಡಿ ತಡವಾದರೆ ಗಾರ್ಡ್ ತನ್ನ ದಿನಚರಿಯಲ್ಲಿ ಕಾರಣ ಬರೆಯಬೇಕು. ಹಿಮ ಎಂದೆ. ಅವನು ಎಡಗೈಯಿಂದ, ಒಂದೊಂದು ಅಕ್ಷರಕ್ಕೂ ನಿಂತು ನಿಂತು, ಗುಜರಾತಿಯಲ್ಲಿ ಬರೆದ. ವೇಳೆ, ತಡ, ಕಾರಣ. ಗೆರೆಗಳು ಮೇಲೂ ಕೆಳಗೂ ಓಡಿದವು. ಸವಿತಾಬೆನ್ ಬಾಗಿಲಿಗೆ ಒರಗಿಕೊಂಡು ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಮುಗಿಯಿತೆಂದು ನಾನು ಕೈ ತೆಗೆದೆ. ಇನ್ನೂ ಇದೆ, ಹಿಡಿ, ಎಂದು ಕಣ್ಣಲ್ಲೇ ಗದರಿಸಿದ. ಕೆಳಗೆ ಗಾರ್ಡ್ ಎಂದು ಬರೆದು, ಅದರ ಮುಂದೆ ತನ್ನ ಹೆಸರು ಬರೆದ.